ಕೈಗೆ ಕೊಟ್ಟ ಕೆಂಡ

ಕಪ್ಪು ಮಣ್ಣಿನ ಬಯಲಿನ ನಡುವೆ ಒಂದು ಊರಿತ್ತು. ಊರಿನವರೆಲ್ಲ ಹತ್ತಿ ಬೆಳೆಯುವವರು. ಊರ ನಡುವೆ ಒಂದು ಕಟ್ಟೆ, ಕಟ್ಟೆಯ ಮೇಲೆ ಹಿರಿಯರು, ಊರಾಚೆ ಒಂದು ಕಲ್ಲುಮನೆ. ತಪ್ಪು ಮಾಡಿದವರನ್ನು ಕಲ್ಲುಮನೆಯಲ್ಲಿ ಇಡುತ್ತಿದ್ದರು. ಇಂಥದ್ದು ಎಲ್ಲ ಊರಿನಲ್ಲೂ ಉಂಟು. ಆದರೆ ಈ ಊರಿನಲ್ಲಿ ಇನ್ನೊಂದು ಕಟ್ಟಳೆಯಿತ್ತು. ಕಲ್ಲುಮನೆಗೆ ಹೋಗುವ ಮೊದಲು ಹಿರಿಯರು ತಪ್ಪು ಮಾಡಿದವನಿಗೆ ಒಂದು ಮಾತು ಹೇಳಿಕೊಡುತ್ತಿದ್ದರು. ಅದನ್ನು ಅವನು ತನ್ನ ಬಾಯಿಂದಲೇ ತಿರುಗಿ ಹೇಳಬೇಕು. ಹೇಳಿದ ಗಳಿಗೆಯಿಂದ ಆ ಮಾತು ಅವನದು. ಶಿಕ್ಷೆ ಮುಗಿಸಿ ಹೊರಗೆ ಬಂದ ಮೇಲೆ ಯಾವ ಹೊಸ್ತಿಲ ಮುಂದೆ ನಿಂತರೂ, ಬೇರೆ ಏನನ್ನೂ ಆಡುವ ಮೊದಲು ಅದನ್ನು ಹೇಳಬೇಕು. ಮನೆಯವರು ಪೂರ್ತಿ ಕೇಳಬೇಕು. ಕೇಳಿ, ಹೊಸ್ತಿಲಿಗೆ ನೀರು ಹಾಕಿದರೆ ಒಳಗೆ ಬಾ ಎಂದರ್ಥ. ಕಸಬರಿಗೆ ತೆಗೆದುಕೊಂಡು ಹೊಸ್ತಿಲು ಗುಡಿಸಿದರೆ ಹೋಗು ಎಂದರ್ಥ.

ಅದನ್ನು ಹೊಸ್ತಿಲ ಮಾತು ಎನ್ನುತ್ತಿದ್ದರು.

ಅಡಿವೆಪ್ಪ ಎಂಬವನು ಆ ಊರಿನವನು. ಹೊಲದ ಬದುವಿನ ಜಗಳದಲ್ಲಿ ಚಿಕ್ಕಪ್ಪನ ಮೇಲೆ ಸಿಟ್ಟು ನೆತ್ತಿಗೇರಿ, ಅವನ ಬಣವೆಗೆ ಬೆಂಕಿ ಇಟ್ಟಿದ್ದ. ಗಾಳಿ ಬೀಸಿತು. ಬೆಂಕಿ ಬಣವೆಯಲ್ಲಿ ನಿಲ್ಲಲಿಲ್ಲ. ಜಗಳಕ್ಕೆ ಸಂಬಂಧವೇ ಇಲ್ಲದ ಪಕ್ಕದವರ ಮನೆ ಸುಟ್ಟಿತು. ಕಟ್ಟಿದ್ದ ಎತ್ತುಗಳು ಹಗ್ಗ ಹರಿಯಲಾಗದೆ ಸತ್ತವು. ಹಿರಿಯರು ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. ಅವರು ಹೇಳಿಕೊಟ್ಟ ಮಾತನ್ನು ಅಳುತ್ತಲೇ ಹೇಳಿದ: "ನಾನು ಬೆಂಕಿ ಇಟ್ಟವನು. ನನ್ನ ಬೆಂಕಿಯಲ್ಲಿ ಒಂದು ಮನೆ ಸುಟ್ಟಿತು, ಜೋಡಿ ಎತ್ತು ಸತ್ತವು."

ಕಲ್ಲುಮನೆಗೆ ಹೋದ. ಕಲ್ಲು ಒಡೆದ. ಮೀಸೆ ಹಣ್ಣಾಯಿತು. ಹೊರಗೆ ಬಿಡುವ ದಿನ ಬಾಗಿಲು ಕಾಯುವವನು ಬೆನ್ನು ತಟ್ಟಿ, "ಮುಗೀತು ಹೋಗು. ದುಡಕೊಂಡು ತಿನ್ನು" ಎಂದ.

ಅಡಿವೆಪ್ಪ ಅದನ್ನು ನಂಬಿದ.

ಮೊದಲು ತಂಗಿಯ ಮನೆಗೆ ಹೋದ. ತಂಗಿ ಅವನನ್ನು ದೂರದಿಂದಲೇ ಗುರುತು ಹಿಡಿದು ಹೊಸ್ತಿಲ ತನಕ ಓಡಿ ಬಂದಳು. "ಅಣ್ಣಾ, ನೀ ಹೇಳಬ್ಯಾಡ. ನನ್ನ ಮುಂದ ಹೇಳಬ್ಯಾಡ" ಎಂದು ಕಿವಿ ಮುಚ್ಚಿಕೊಂಡಳು. ಕಟ್ಟಳೆ ಕಟ್ಟಳೆಯೇ. ಅವನು ಹೇಳಿದ. ಅವಳು ಅಳುತ್ತ ತಂಬಿಗೆ ತರಲು ಒಳಗೆ ಹೋದಳು. ಹೊರಗೆ ಬಂದದ್ದು ಅವಳ ಗಂಡ. ಅವನ ಕೈಯಲ್ಲಿ ಕಸಬರಿಗೆ ಇತ್ತು. ಮುಖ ಎತ್ತಿ ನೋಡದೆ ಹೊಸ್ತಿಲು ಗುಡಿಸಿದ. ಬಾಗಿಲ ಮರೆಯಲ್ಲಿ ತಂಬಿಗೆ ಹಿಡಿದ ತಂಗಿಯ ಕೈ ಮಾತ್ರ ಕಾಣುತ್ತಿತ್ತು.

ಆಮೇಲೆ ಕೆಲಸ ಕೇಳುತ್ತ ಹೊರಟ. ಬಡಿಗನ ಮನೆಯ ಮುಂದೆ ನಿಂತು ತನ್ನ ಮಾತು ಹೇಳಿದ. ಬಡಿಗ ಪೂರ್ತಿ ಕೇಳಿ, "ಖರೇ ಹೇಳಿದಿ, ಭೇಷ್. ಆದ್ರ ನನ್ನ ಮನಿ ತುಂಬ ಕಟಗೀನ ಐತಲ್ಲಪ್ಪಾ" ಎಂದು ಗುಡಿಸಿದ. ಗಾಣದವನು, "ಎಣ್ಣಿ ಇರೋ ಜಾಗ ಇದು" ಎಂದು ಗುಡಿಸಿದ. ನೇಕಾರ ನೂಲು ತೋರಿಸಿದ, ಕುರಿಯವನು ಉಣ್ಣೆ ತೋರಿಸಿದ. ಊರಿನಲ್ಲಿ ಸುಡದೆ ಇರುವ ವಸ್ತುವೇ ಇರಲಿಲ್ಲ. ಕೊನೆಗೆ ನೀರು ಹೊರುವವರ ಹಿರಿಯನ ಬಳಿ ಹೋದ. ನೀರಿಗೇನು ಬೆಂಕಿ ಹತ್ತುತ್ತದೆಯೇ? ಆ ಹಿರಿಯ ತಲೆ ಕೆರೆದುಕೊಂಡು, "ನೀರು ಹೊರೋರು ಎಲ್ಲಾರ ಹಿತ್ತಲದಾಗೂ ಹೋಗ್ತಾರಪ್ಪಾ. ಯಾರ ಹಿತ್ತಲದಾಗ ನಿನ್ನ ಬಿಡಲಿ?" ಎಂದ. ಅವನೂ ಗುಡಿಸಿದ.

ಸಂಜೆ ಹೊತ್ತಿಗೆ ಊರ ತುಂಬ ಕಸಬರಿಗೆಯ ಸದ್ದು. ಯಾರೂ ಬೈಯಲಿಲ್ಲ, ಯಾರೂ ಹೊಡೆಯಲಿಲ್ಲ. ಎಲ್ಲರೂ ಹೊಸ್ತಿಲು ಗುಡಿಸಿದರು, ಅಷ್ಟೇ. ಅವನ ಹೆಸರು ಯಾರಿಗೂ ನೆನಪಿರಲಿಲ್ಲ. ಬೆಂಕಿ ಇಟ್ಟವನು ಬಂದ, ಬೆಂಕಿ ಇಟ್ಟವನು ಹೋದ ಎನ್ನುತ್ತಿದ್ದರು. ಊರ ಬಾಗಿಲಿನ ಹತ್ತಿರ ಗೋಡೆ ಇಲ್ಲದ ಒಂದು ಮಂಟಪವಿತ್ತು. ಅಲ್ಲಿ ಮಲಗಿದ. ಬೇಲಿಯ ಬಾರೆಕಾಯಿ ತಿಂದ. ಹೀಗೇ ಒಂದು ಬೇಸಿಗೆ ಬಂತು.

ಆ ಬೇಸಿಗೆಯಲ್ಲಿ ಹತ್ತಿ ಉಗ್ರಾಣದ ಧಣಿ ತಾನಾಗಿಯೇ ಮಂಟಪಕ್ಕೆ ಬಂದ.

ಊರಿನ ಹತ್ತಿಯೆಲ್ಲ ಅವನ ಉಗ್ರಾಣದಲ್ಲೇ ಇರುತ್ತಿತ್ತು. ಪ್ರತಿ ಮನೆಯವರೂ ಬಿಡಿಸಿದ ಹತ್ತಿಯನ್ನು ದೊಡ್ಡ ಗೋಣಿಚೀಲಗಳಲ್ಲಿ ತುಂಬಿ, ಅಂಡಿಗೆ ಕಟ್ಟಿ ಅಲ್ಲಿ ಇಡುತ್ತಿದ್ದರು. ಬೇಸಿಗೆ ಕಳೆದು ದೂರದ ಗಾಡಿಗಳು ಬಂದಾಗ ತಮ್ಮ ತಮ್ಮ ಅಂಡಿಗೆ ಹೊರಗೆ ತೆಗೆದು ಮಾರುತ್ತಿದ್ದರು. ಅಂಥ ದೊಡ್ಡ ಮನುಷ್ಯ ಮಂಟಪದ ಕಲ್ಲಿನ ಮೇಲೆ ಕುಳಿತದ್ದು ಕಂಡು ಅಡಿವೆಪ್ಪ ಗಡಬಡಿಸಿ ಎದ್ದ. ಕೈ ಜೋಡಿಸಿ ತನ್ನ ಮಾತು ಶುರು ಮಾಡಿದ. ಧಣಿ ಕೈ ಎತ್ತಿ ತಡೆದ.

"ಇಲ್ಲಿ ಹೊಸ್ತಿಲಿಲ್ಲ. ಯಾಕ ಹೇಳ್ತಿ? ನಿನ್ನ ಹೆಸರೇನೋ ತಮ್ಮಾ?"

ಹೆಸರು ಕೇಳಿ ಎಷ್ಟು ಕಾಲವಾಗಿತ್ತೋ. "ಅಡಿವೆಪ್ಪ ಅಂತಾರ್ರೀ."

"ಅಡಿವೆಪ್ಪ, ನನ್ನ ಉಗ್ರಾಣಕ್ಕ ಕಾವಲುಗಾರ ಬೇಕು. ಬರ್ತೀಯೇನು?"

"ಧಣೇರ, ನಾ ಯಾರಂತ ನಿಮಗ ಗೊತ್ತಿಲ್ಲೇನ್ರಿ?"

"ಗೊತ್ತೈತಿ. ಬೆಂಕಿ ಏನು ಮಾಡತೈತಿ ಅಂತ ನಿನ್ನಷ್ಟು ಬಲ್ಲವರು ಈ ಊರಾಗ ಯಾರದಾರ? ನೀನ ಕಾಯಬೇಕು." ಧಣಿ ಎದ್ದು ನಿಂತ. "ಹಿಂದಿನ ಬಾಗಿಲಿನ ಹೊಸ್ತಿಲು ಕೀಳಿಸೀನಿ. ಅಲ್ಲಿಂದ ಬಾ. ಹೊಸ್ತಿಲು ಇಲ್ಲದ ಕಡೆ ಆ ಮಾತು ಹೇಳೋ ಕಾರಣಿಲ್ಲ."

ಅಡಿವೆಪ್ಪ ಅವನ ಕಾಲಿಗೆ ಬಿದ್ದ. ಎದ್ದಾಗ ಧಣಿಯ ಕೆರದ ಮೇಲೆ ಕಣ್ಣೀರು ಬಿದ್ದು ತೇವವಾಗಿತ್ತು.

ಅವನು ಕಾದ ಹಾಗೆ ಆ ಉಗ್ರಾಣವನ್ನು ಯಾರೂ ಕಾದಿರಲಿಲ್ಲ. ಸುತ್ತಲಿನ ಒಣ ಹುಲ್ಲು ಕಿತ್ತ. ಗೋಡೆಯುದ್ದಕ್ಕೂ ಮಣ್ಣಿನ ಹರವಿಗಳನ್ನು ಇಟ್ಟು ನೀರು ತುಂಬಿದ. ಬಿಸಿಲೇರಿದಾಗ ಅಂಗಳಕ್ಕೆ ನೀರು ಚಿಮುಕಿಸಿದ. ಬೀಡಿ ಸೇದುತ್ತ ಬಂದವರನ್ನು ಕೈಮುಗಿದು ದೂರ ಕಳಿಸಿದ. ಧಣಿ ಹಾಕಿದ್ದ ನಿಬಂಧನೆ ಒಂದೇ: ಅಂಡಿಗೆ ಮುಟ್ಟಬಾರದು. ಅವನು ಮುಟ್ಟಲಿಲ್ಲ.

ಉಗ್ರಾಣದಲ್ಲಿ ಕಸ ಗುಡಿಸುವ ಹೆಂಗಸೊಬ್ಬಳಿದ್ದಳು. ಗಂಡ ಸತ್ತವಳು, ಧಣಿ ಕೊಟ್ಟ ಗುಡಿಸಲಿನಲ್ಲಿ ಇದ್ದವಳು. ದಿನವೂ ಅವನಿಗೆ ರೊಟ್ಟಿ, ಗುರೆಳ್ಳು ಚಟ್ನಿ ತಂದುಕೊಡುತ್ತಿದ್ದಳು. ಅವನು ಅವಳನ್ನು ಅಕ್ಕಾ ಎಂದು ಕರೆಯುತ್ತಿದ್ದ. ಇಬ್ಬರೂ ಬೇವಿನ ಮರದ ಕೆಳಗೆ ಕೂತು ಉಣ್ಣುತ್ತಿದ್ದರು. ಅವಳು ತನ್ನ ತವರಿನ ಕಥೆ ಹೇಳುತ್ತಿದ್ದಳು. ಅವನು ಕಲ್ಲುಮನೆಯ ಕಥೆ ಹೇಳುತ್ತಿರಲಿಲ್ಲ, ಅವಳು ಕೇಳುತ್ತಲೂ ಇರಲಿಲ್ಲ.

ನಿಧಾನಕ್ಕೆ ಊರಿನ ಬಾಯಿ ಬದಲಾಯಿತು. "ಅಡಿವೆಪ್ಪ ಅದಾನ ಬಿಡು, ಹತ್ತಿಗೆ ಭಯ ಇಲ್ಲ" ಎಂದು ಬಡಿಗನೇ ಅಂದದ್ದು ಅವನ ಕಿವಿಗೆ ಬಿತ್ತು. ಆ ದಿನ ಅವನು ಅಂಗಳಕ್ಕೆ ಎರಡೆರಡು ಸಲ ನೀರು ಹಾಕಿದ.

ಒಮ್ಮೆ ಬಿರುಗಾಳಿಗೆ ಉಗ್ರಾಣದ ಬಾಗಿಲು ತೆರೆದುಕೊಂಡಿತು. ಮುಚ್ಚಲು ಓಡಿದವನು ಎಡವಿ ಒಂದು ಅಂಡಿಗೆಯ ಮೇಲೆ ಬಿದ್ದ. ಆಳೆತ್ತರದ ಅಂಡಿಗೆ ಹಗುರವಾಗಿ ಸರಿಯಿತು. ಒಳಗೆ ಏನೋ ಸರಸರ ಅಂದಿತು. ಮರುದಿನ ಧಣಿಗೆ ಹೇಳಿದ. ಧಣಿ ನಕ್ಕು, "ಈ ಸಲದ ಹತ್ತಿ ಹಗುರ. ಛಲೋ ಹತ್ತಿ ಹಗುರನ ಇರತೈತಿ" ಎಂದ. ಅಡಿವೆಪ್ಪನೂ ನಕ್ಕ. ತನ್ನನ್ನು ಹೆಸರು ಹಿಡಿದು ಕರೆದ ಮನುಷ್ಯನ ಮಾತನ್ನು ಅನುಮಾನಿಸಲು ಅವನಿಗೆ ಮನಸ್ಸು ಬರಲಿಲ್ಲ.

ಗಾಡಿಗಳು ಬರುವ ಹಿಂದಿನ ದಿನ ಉಗ್ರಾಣಕ್ಕೆ ಪೂಜೆ. ಮಧ್ಯಾಹ್ನ ಊರಿನವರೆಲ್ಲ ಮುಂದಿನ ಅಂಗಳದಲ್ಲಿ ಸೇರಿದ್ದರು. ಕಾಯಿ ಒಡೆದಾಯಿತು. ಒಳಗೆ ಧೂಪ ಹಾಕುವುದೊಂದು ಬಾಕಿ. ಧಣಿ ಕೆಂಡ ತುಂಬಿದ ಮಡಕೆ ಎತ್ತಿಕೊಂಡು, ಎಲ್ಲರ ಮುಂದೆ ಅಡಿವೆಪ್ಪನ ಎದುರು ಹಿಡಿದ.

"ತಗೋ. ನೀನ ಹಾಕು."

ಜನ ಉಸಿರು ಬಿಗಿ ಹಿಡಿದರು. ಅಡಿವೆಪ್ಪ ಹಿಂದಕ್ಕೆ ಸರಿದ. ಕಲ್ಲುಮನೆಯಿಂದ ಬಂದ ಮೇಲೆ ಅವನು ಒಲೆಯ ಹತ್ತಿರವೂ ಹೋದವನಲ್ಲ. ಯಾರೂ ಅವನ ಕೈಗೆ ಒಂದು ಕಿಡಿ ಕೊಟ್ಟವರಲ್ಲ.

"ಬ್ಯಾಡ್ರಿ ಧಣೇರ. ನಾ ಒಲ್ಲೆ."

"ನಾ ನಿನ್ನ ನಂಬೀನಿ ಅಡಿವೆಪ್ಪ. ಇವರೂ ನಂಬಲಿ."

ಅವನು ಮಡಕೆ ಹಿಡಿದ. ಊರಿನವರ ಕಣ್ಣೆಲ್ಲ ಆ ಮಡಕೆಯ ಮೇಲೆ. ತುಂಬಿದ ಹಾಲು ಒಯ್ಯುವವನ ಹಾಗೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಒಳಗೆ ಹೋದ. ಅಂಡಿಗೆಗಳ ಸಾಲಿನ ನಡುವೆ ಧೂಪ ತೋರಿಸಿದ. ಮೂಗಿಗೆ ಎಣ್ಣೆಯ ವಾಸನೆ ಬಡಿಯಿತು. ಪೂಜೆಯ ದೀಪದ ಎಣ್ಣೆ ಚೆಲ್ಲಿರಬೇಕು ಎಂದುಕೊಂಡ. ಮಡಕೆಯನ್ನು ಇನ್ನಷ್ಟು ಎದೆಗೆ ಹತ್ತಿರ ಹಿಡಿದ. ಒಂದು ಕಿಡಿಯೂ ಬೀಳದಂತೆ ಹೊರಗೆ ಬಂದ. ಅಂಗಳದ ಹರವಿಯ ನೀರನ್ನು ಕೆಂಡದ ಮೇಲೆ ಹಾಕಿದ. ಚುಂಯ್ ಎಂದು ಹೊಗೆ ಎದ್ದು ಅಡಗಿತು. ಮಡಕೆ ಎತ್ತಿ, ಕಪ್ಪಾದ ಇದ್ದಿಲನ್ನು ಸುತ್ತಲಿನವರಿಗೆಲ್ಲ ತೋರಿಸಿದ. ನಗುತ್ತಿದ್ದ. ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ನಗುತ್ತಿದ್ದ.

ಧಣಿ ಮುಂದೆ ಬಂದು ಅವನನ್ನು ಅಪ್ಪಿಕೊಂಡ. ಜನ ಚಪ್ಪಾಳೆ ಹೊಡೆದರು.

ಆ ಅಪ್ಪುಗೆಯಲ್ಲಿ ಇದ್ದಾಗಲೇ, ಧಣಿಯ ಹೆಗಲ ಮೇಲಿಂದ, ಉಗ್ರಾಣದ ಹಿಂಬದಿಯಲ್ಲಿ ಹೊಗೆ ಏಳುವುದನ್ನು ಅವನು ಕಂಡ.

"ಧಣೇರ, ಬಿಡ್ರಿ. ಬೆಂಕಿ! ಬಿಡ್ರಿ ನನ್ನ, ನೀರು ಹಾಕ್ತೀನಿ!"

ಧಣಿ ಬಿಡಲಿಲ್ಲ. ಅಡಿವೆಪ್ಪ ಕೊಸರಾಡಿದ. ತೋಳುಗಳು ಇನ್ನೂ ಬಿಗಿಯಾದವು. ಆ ತೋಳುಗಳ ಬಿಗಿಯಲ್ಲೇ ಅವನಿಗೆ ಎಲ್ಲ ಗೊತ್ತಾಯಿತು. ಕಿತ್ತ ಹೊಸ್ತಿಲು, ಕರೆದ ಹೆಸರು, ಹಗುರವಾದ ಅಂಡಿಗೆ, ಕೈಗೆ ಕೊಟ್ಟ ಕೆಂಡ. ಅವನು ಕೊಸರಾಡುವುದನ್ನು ಬಿಟ್ಟ. ಜನ ಹರವಿ ಎತ್ತಿಕೊಂಡು ಓಡಿದರು, ಬೆಂಕಿ ನೀರಿಗೆ ಬಗ್ಗಲಿಲ್ಲ. ಮಾಡು ಕುಸಿದು ಬಿದ್ದ ಮೇಲೆ ಧಣಿ ತೋಳು ಸಡಿಲಿಸಿ, ಎದೆ ಬಡಿದುಕೊಂಡು, "ನಂಬಿದ್ನಲ್ಲೋ ಪಾಪಿ" ಎಂದು ಕೂಗಿದ.

ಮರುದಿನ ಕಟ್ಟೆಯ ಮುಂದೆ ಊರಿಗೆ ಊರೇ ನೆರೆಯಿತು. ಪ್ರತಿ ಮನೆಯ ವರ್ಷದ ದುಡಿಮೆ ಬೂದಿಯಾಗಿತ್ತು. ಧಣಿ ಎದ್ದು, "ತಪ್ಪು ನನ್ನದು. ಯಾರೂ ನಂಬದವನನ್ನ ನಾ ನಂಬಿದೆ" ಎಂದು ಅತ್ತ. ಅವನ ಜೊತೆ ಎಷ್ಟೋ ಜನ ಅತ್ತರು.

ಕಟ್ಟೆಯ ಮೇಲಿನ ಹಿರಿಯನೊಬ್ಬ ಅಡಿವೆಪ್ಪನತ್ತ ತಿರುಗಿದ. "ನೀ ಏನು ಹೇಳ್ತಿ? ಮೊದಲು ನಿನ್ನ ಮಾತು ಹೇಳಿ ಆಮ್ಯಾಲ ಹೇಳು."

ಅಡಿವೆಪ್ಪ ಕೈ ಜೋಡಿಸಿದ. "ನಾನು ಬೆಂಕಿ ಇಟ್ಟವನು."

"ಸಾಕು" ಎಂದ ಹಿರಿಯ.

"ಇಲ್ರೀ, ಅದು ಹಳೇದು. ಇನ್ನೂ ಹೇಳೂದೈತಿ."

"ನಿನ್ನ ಬಾಯಿಲೇ ಬಂತಲ್ಲ. ಸಾಕು." ಜನರೂ ಸಾಕು ಸಾಕು ಎಂದರು. ಹಿರಿಯ ಹೊಸ ಮಾತು ಹೇಳಿಕೊಟ್ಟ: "ನಾನು ಮತ್ತೂ ಬೆಂಕಿ ಇಟ್ಟವನು. ನನ್ನನ್ನು ನಂಬಿದವನನ್ನು ಸುಟ್ಟವನು. ಹೇಳು."

ಅಡಿವೆಪ್ಪ ಬಾಯಿ ತೆರೆಯಲಿಲ್ಲ.

"ಹೇಳು."

ತೆರೆಯಲಿಲ್ಲ. ಬೈದರು, ನೂಕಿದರು, ಒಬ್ಬಿಬ್ಬರು ಹೊಡೆದರು. ಅವನು ಕಟ್ಟೆಯ ಮುಂದೆ ನೆಲಕ್ಕೆ ಕೂತುಬಿಟ್ಟ. ಮೊದಲನೆಯ ಮಾತು ನಿಜವಾಗಿತ್ತು, ಅದಕ್ಕೇ ಹೇಳಿದ್ದ. ಇದನ್ನು ಹೇಳಲಾರ. ಮಾಡಿದವನು ತನ್ನ ಬಾಯಿಂದ ಹೇಳದ ಮಾತು ಯಾರಿಗೂ ಅಂಟುವುದಿಲ್ಲ, ಅಂಟುವ ತನಕ ಹಿರಿಯರು ಕಟ್ಟೆ ಇಳಿಯುವಂತಿಲ್ಲ. ಹೀಗೆ ಮೇಲೆ ಅವರು, ಕೆಳಗೆ ಇವನು. ಬಿಸಿಲು ಬಂತು, ಹೋಯಿತು. ಹಿರಿಯರಿಗೆ ಮನೆಯಿಂದ ಊಟ ಬಂತು. ಸೊಂಟ ನೋವೆಂದು ಅವರು ಹೊರಳಾಡಿದರು.

ಕಸ ಗುಡಿಸುವವಳು ಎಂದಿನಂತೆ ರೊಟ್ಟಿ ತಂದಳು. ಅವನು ಮುಟ್ಟಲಿಲ್ಲ.

"ಅಕ್ಕಾ, ಅವತ್ತು ಹಿಂದಿನ ಅಂಗಳ ಯಾರು ಗುಡಿಸಿದ್ರು?"

"ನಾನ."

"ಹಂಗಾದ್ರ ಯಾರೋ ಕಂಡಿರಬೇಕಲ್ಲ ನಿನಗ."

ಅವಳು ರೊಟ್ಟಿಯ ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಮರುದಿನ ಬಂದಳು, ಏನೂ ಆಡದೆ ಹೋದಳು. ಮತ್ತೆ ಬಂದಳು, ಮತ್ತೆ ಹೋದಳು. ಅವನ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕೊನೆಗೊಂದು ಬೆಳಗ್ಗೆ, ಜನ ಇನ್ನೂ ಸೇರುತ್ತಿದ್ದಾಗ, ಅವಳು ಬುಟ್ಟಿಯನ್ನು ನೆಲಕ್ಕೆ ಎಸೆದಳು.

"ಹೊಟ್ಟು! ಅಂಡಿಗ್ಯಾಗ ಬರೇ ಹೊಟ್ಟು ತುಂಬಿತ್ತು! ನಿಮ್ಮ ಹತ್ತಿ ಧಣಿ ಎಂದೋ ಹೊಳಿ ದಾಟಿಸಿ ಮಾರ್ಯಾನ. ಇವ ಇನ್ನೂ ಮಡಕಿ ಕೈಯಾಗ ಹಿಡದಿದ್ದಿಲ್ಲ. ಹಿಂದಿನ ಬಾಗಿಲಾಗ ಧಣಿ ಮಗ ಎಣ್ಣಿ ಸುರುವಿ, ಕಡ್ಡಿಪೆಟ್ಟಿಗಿ ಹಿಡಕೊಂಡು ಕಾಯ್ಕೋತ ನಿಂತಿದ್ದ. ನಾ ಕಂಡೀನಿ."

ಜನ ಓಡಿದರು. ಬೂದಿ ಕೆದರಿದರು. ಕುಸಿದ ಗೋಡೆಯಡಿ ಅರ್ಧ ಸುಟ್ಟ ಅಂಡಿಗೆಗಳು ಸಿಕ್ಕವು. ಹರಿದರೆ ಹೊಟ್ಟು ಸುರಿಯಿತು.

ಧಣಿಯಿಂದಲೂ ಮಗನಿಂದಲೂ ಅವರ ಮಾತು ಹೇಳಿಸಿ ಕಲ್ಲುಮನೆಗೆ ಒಯ್ಯುವಾಗ, ಅಡಿವೆಪ್ಪ ದಾರಿಯಲ್ಲಿ ನಿಂತಿದ್ದ. ಧಣಿ ಅವನ ಮುಂದೆ ಒಂದು ಗಳಿಗೆ ನಿಂತ. ಮುಖದಲ್ಲಿ ನಾಚಿಕೆ ಇರಲಿಲ್ಲ. ಮನೆಯ ಆಳಿಗೆ ಬುದ್ಧಿ ಹೇಳುವ ಹಾಗೆ ಮೆಲ್ಲಗೆ ಹೇಳಿದ: "ನಿನ್ನ ಮ್ಯಾಲ ನನಗೇನೂ ಸಿಟ್ಟಿರಲಿಲ್ಲ ಅಡಿವೆಪ್ಪ. ಬ್ಯಾರೆ ಯಾರನ್ನ ಇಟ್ಟಿದ್ರೂ, ಅವನ ಸುಟ್ಟಾನ ಅಂದ್ರ ಇವರು ನಂಬ್ತಿದ್ದಿಲ್ಲ."

ಹಿರಿಯರು ಕಟ್ಟೆ ಇಳಿದರು. "ನಿನ್ನದು ತಪ್ಪಿಲ್ಲ. ಹೋಗು" ಎಂದರು.

"ಎಲ್ಲಿಗೆ ಹೋಗ್ಲಿ?" ಎಂದು ಕೇಳಿದ.

ಅವರು ಸೊಂಟ ಹಿಡಿದುಕೊಂಡು ಮನೆಯ ಕಡೆ ನಡೆದರು. ಹೊಸ ಮಾತು ಅವನಿಗೆ ಅಂಟಲಿಲ್ಲ ನಿಜ, ಹಳೆಯ ಮಾತು ಹಾಗೇ ಇತ್ತು. ಮತ್ತೆ ಹೊಸ್ತಿಲುಗಳ ಮುಂದೆ ನಿಂತ. ಈಗ ಜನ ನೀರು ಹಾಕಿದರು. ಒಳಗೆ ಕೂಡಿಸಿ ಮಜ್ಜಿಗೆ ಕೊಟ್ಟರು. ಧಣಿ ಹೇಗೆ ಅಪ್ಪಿಕೊಂಡ, ಹೊಗೆ ಯಾವಾಗ ಕಂಡಿತು, ಎಲ್ಲ ಕೇಳಿದರು. ಚ್ ಚ್ ಎಂದರು. ಕೆಲಸ ಎಂದ ಕೂಡಲೇ ಮುಖ ಆಕಡೆ ಮಾಡಿದರು. ಬಡಿಗನಂತೂ ಎರಡನೇ ಸಲ ಕಥೆ ಹೇಳಿಸಿದ, ಹೆಂಡತಿಯನ್ನು ಕರೆದು ಕೂಡಿಸಿಕೊಂಡು. ಅಡಿವೆಪ್ಪ ಮಜ್ಜಿಗೆ ಅರ್ಧಕ್ಕೇ ಬಿಟ್ಟು ಎದ್ದ.

ಕಸ ಗುಡಿಸುವವಳ ಗುಡಿಸಲನ್ನು ಧಣಿಯ ಹೆಂಡತಿ ಕೀಳಿಸಿದ್ದಳು. ಅವಳೂ ಮಂಟಪಕ್ಕೆ ಬಂದಳು. ಅವನು ಒಂದು ಕಂಬದ ಹತ್ತಿರ, ಅವಳು ಇನ್ನೊಂದು ಕಂಬದ ಹತ್ತಿರ. ಹೇಗೋ ಹಿಟ್ಟು ಹೊಂದಿಸಿ ರೊಟ್ಟಿ ಮಾಡಿ ಅವನ ಮುಂದೆ ಇಟ್ಟಳು.

"ನಾ ಹೇಳಿದ್ನಲ್ಲೋ ತಮ್ಮಾ. ಕಡೀಕ ಹೇಳಿದೆ."

"ಹೇಳಿದಿ."

"ಮತ್ಯಾಕ ತಿನವೊಲ್ಲಿ?"

"ಧಣಿ ಮಾಡಿದ್ದು ನನಗ ತಿಳೀತೈತಿ ಅಕ್ಕಾ. ಅವಗ ನಾ ಬೇಕಾಗಿದ್ದೆ. ನೀ ಎಣ್ಣಿ ಸುರಿಯೂದು ಕಂಡು ಮುಂದಿನ ಅಂಗಳಕ್ಕ ಬಂದಿದ್ದಿ. ಮೂಲ್ಯಾಗ ನಿಂತಿದ್ದಿ, ನಾ ನೋಡೀನಿ. ನಾ ಮಡಕಿ ಎತ್ತಿ ಹಿಡಿದು ನಗತಿದ್ದೆ. ನೀ ನಾ ನಗೂದು ನೋಡ್ಕೋತ ನಿಂತಿದ್ದಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಗುಡಿಸಲು ಹೋಗತೈತಿ ಅಂತ ಅಂಜಿದ್ನೋ."

"ಗೊತ್ತೈತಿ" ಎಂದ ಅವನು. ರೊಟ್ಟಿಯನ್ನು ಮೆಲ್ಲಗೆ ಅವಳ ಕಡೆ ಸರಿಸಿದ.

ಮಳೆಗಾಲ ಒಣಗಿಯೇ ಹೋಯಿತು. ಊರಿನ ಬಾವಿಗಳು ತಳ ಕಂಡವು. ಆಗ ಹೊರಗಿನಿಂದ ಬಾವಿ ತೋಡುವ ಹೆಂಗಸೊಬ್ಬಳು ಬಂದಳು. ಕಚ್ಚೆ ಹಾಕಿ ಸೀರೆ ಉಟ್ಟವಳು, ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತವಳು. ಅವಳ ಜೊತೆಗಾರ ಹಿಂದಿನ ಊರಿನಲ್ಲಿ ಜ್ವರ ಹಿಡಿದು ಮಲಗಿದ್ದ. ನೆರಳಿಗೆಂದು ಮಂಟಪದೊಳಗೆ ಬಂದವಳು ಅಡಿವೆಪ್ಪನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು.

"ತೋಳಾಗ ಬಲ ಐತೇನು?"

ಅವನು ಎದ್ದ. ಅಲ್ಲಿ ಹೊಸ್ತಿಲು ಇರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಆದರೂ ಹೇಳಿದ: "ನಾನು ಬೆಂಕಿ ಇಟ್ಟವನು. ನನ್ನ ಬೆಂಕಿಯಲ್ಲಿ ಒಂದು ಮನೆ ಸುಟ್ಟಿತು, ಜೋಡಿ ಎತ್ತು ಸತ್ತವು."

ಅವಳು ಹಣೆಯ ಬೆವರು ಒರೆಸಿಕೊಂಡಳು. "ಅದನ್ನ ಕೇಳಲಿಲ್ಲ ನಾ. ತೋಳಾಗ ಬಲ ಐತೇನು?"

"ಐತಿ. ಆದ್ರ ನನ್ನನ್ನ ಯಾಕ ಕರೀತಿ?"

"ಊರವರೆಲ್ಲ ಹೊಲದಾಗ ಅದಾರ. ನೀ ಒಬ್ಬನ ಖಾಲಿ ಕುಂತೀದಿ."

ಅಡಿವೆಪ್ಪ ಆ ಕಾರಣವನ್ನು ಮನಸ್ಸಿನಲ್ಲೇ ತಿರುವಿ ಹಾಕಿ ನೋಡಿದ. ಅದರ ಹಿಂದೆ ಏನೂ ಅಡಗಿದ್ದಂತೆ ಕಾಣಲಿಲ್ಲ. ಮತ್ತೊಮ್ಮೆ ನೋಡಿದ. ಆಮೇಲೆ ಅವಳ ಹಿಂದೆ ಹೊರಟ.

ಹಳೆಯ ಬಾವಿಯ ದಡದಲ್ಲಿ ಅವಳು ಹಗ್ಗ ಬಿಚ್ಚಿದಳು. "ಒಬ್ಬರು ಕೆಳಗ ಇಳೀಬೇಕು, ಒಬ್ಬರು ಮ್ಯಾಲ ಹಗ್ಗ ಹಿಡೀಬೇಕು. ನೀ ಇಳೀತೀಯೇನು?"

ಅವನು ಬಾವಿಯೊಳಗೆ ಬಗ್ಗಿ ನೋಡಿದ. ಕತ್ತಲೆ ಅವನಿಗೆ ಹೆದರಿಕೆಯಲ್ಲ, ಕಲ್ಲುಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಕತ್ತಲೆ ಕಂಡಿದ್ದ. ಆದರೂ ಹಿಂದೆ ಸರಿದ.

"ನಾ ಇಳಿಯೂದಿಲ್ಲ ತಾಯಿ. ಇಳಿದವ ಮ್ಯಾಲಿದ್ದವನ್ನ ನಂಬಬೇಕಾಗತೈತಿ. ನನ್ನ ಕೈಲೆ ಆಗೂದಿಲ್ಲ."

ಅವಳು ಕಚ್ಚೆ ಬಿಗಿ ಮಾಡಿಕೊಂಡಳು. ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿ, ಗಂಟು ಹಾಕಿ, ಎಳೆದು ನೋಡಿದಳು. ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟಳು. ಬಾವಿಯ ದಡಕ್ಕೆ ಬೆನ್ನು ಮಾಡಿ, ಕಲ್ಲಿನ ಸಂದಿಗೆ ಕಾಲಿಟ್ಟು ಇಳಿಯತೊಡಗಿದಳು. ಅವಳ ತಲೆ ಕಾಣೆಯಾಯಿತು. ಕಲ್ಲು ಮುಗಿದು ಬರೀ ಮಣ್ಣು ಬಂದ ಕಡೆ ಅವಳ ಕಾಲು ಜಾರಿತು. ಇಡೀ ಭಾರ ಒಮ್ಮೆಲೇ ಹಗ್ಗಕ್ಕೆ ಬಿತ್ತು.

ಅಡಿವೆಪ್ಪ ಹಿಮ್ಮಡಿ ನೆಲಕ್ಕೆ ಊರಿ ಹಿಂದಕ್ಕೆ ವಾಲಿದ. ಅಂಗೈ ಉರಿಯಿತು. ಹಗ್ಗ ನಿಂತಿತು.

ಕೆಳಗಿನಿಂದ ಅವಳ ದನಿ ಬಂತು. "ಹಿಡದಿಯೇನು?"

"ಹಿಡದೀನಿ."

"ಇನ್ನ ಬಿಡು. ಮೆಲ್ಲಕ ಬಿಡು."

ಅವನು ಹಗ್ಗವನ್ನು ಗೇಣು ಗೇಣಾಗಿ ಬಿಡತೊಡಗಿದ.